ಸ್ಟೊಕಾಸ್ಟಿಕ್ ಪೆಟ್ರಿ ನೆಟ್ ಅಂದ್ರೇನು? ಅದರ ರಚನೆ ನೋಡಿದರೆ ಏನು ಗೊತ್ತಾಗುತ್ತದೆ?

ಗಂಗಾವತಿ ಕಡೆಯ ಒಂದು ರೈಸ್ ಮಿಲ್ ಅಂದುಕೊಳ್ಳಿ. ವೇಬ್ರಿಡ್ಜ್ ಒಂದೇ, ಭತ್ತ ಇಳಿಸುವ ಜಾಗವೂ ಒಂದೇ. ತುಂಬಿದ ಲಾರಿ ತೂಕ ಮಾಡಿಸಿ ಒಳಗೆ ಹೋಗುತ್ತದೆ, ಹಮಾಲರು ಚೀಲ ಇಳಿಸುತ್ತಾರೆ, ಆಮೇಲೆ ಖಾಲಿ ಗಾಡಿಯ ತೂಕಕ್ಕೆ ಅದೇ ವೇಬ್ರಿಡ್ಜಿಗೆ ವಾಪಸ್ ಬರಬೇಕು.

ಇಂಥದ್ದನ್ನು ಚಿತ್ರವಾಗಿ ಬರೆಯುವ ರೀತಿಯೇ ಪೆಟ್ರಿ ನೆಟ್. ಜರ್ಮನಿಯ ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದಕ್ಕೆ ಅಡಿಪಾಯ ಹಾಕಿದರು. ದುಂಡಗಿನ ಗುರುತು ಪ್ಲೇಸ್, ಅಂದರೆ 'ವೇಬ್ರಿಡ್ಜ್ ಖಾಲಿ ಇದೆ' ಎಂಬಂಥ ಸ್ಥಿತಿ. ಗೆರೆ ಅಂದರೆ ಟ್ರಾನ್ಸಿಷನ್, ನಡೆಯುವ ಕೆಲಸ. ಪ್ಲೇಸ್ ಒಳಗಿನ ಚುಕ್ಕೆ ಟೋಕನ್. ಒಂದು ಟ್ರಾನ್ಸಿಷನ್‌ಗೆ ಯಾವ ಯಾವ ಪ್ಲೇಸ್‌ನಿಂದ ಬಾಣ ಬರುತ್ತದೋ ಅಲ್ಲೆಲ್ಲ ಟೋಕನ್ ಇದ್ದರೆ ಮಾತ್ರ ಆ ಕೆಲಸ ನಡೆಯುತ್ತದೆ, ಆ ಟೋಕನ್ ತೆಗೆದು ಮುಂದಿನ ಪ್ಲೇಸ್‌ಗಳಿಗೆ ಹಾಕುತ್ತದೆ.

ಪ್ರತಿ ಟ್ರಾನ್ಸಿಷನ್‌ಗೂ ಒಂದು ರೇಟ್ (ಕೆಲಸ ನಡೆಯುವ ಸರಾಸರಿ ವೇಗ) ಕೊಟ್ಟು, ಹಿಡಿಯುವ ಹೊತ್ತು ಎಕ್ಸ್‌ಪೊನೆನ್ಷಿಯಲ್ ಹಂಚಿಕೆಯಂತೆ (ಕಡಿಮೆ ಹೊತ್ತು ಹೆಚ್ಚು ಸಲ, ತುಂಬಾ ಹೊತ್ತು ಅಪರೂಪಕ್ಕೆ) ಹೆಚ್ಚುಕಡಿಮೆ ಆಗುತ್ತದೆ ಅಂದರೆ ಅದು ಸ್ಟೊಕಾಸ್ಟಿಕ್ ಪೆಟ್ರಿ ನೆಟ್. ಆಗ ಇಡೀ ನೆಟ್ ಒಂದು ಮಾರ್ಕೋವ್ ಸರಪಳಿ ಆಗುತ್ತದೆ, ಅಂದರೆ ಮುಂದೇನಾಗಬಹುದು ಅನ್ನೋದು ಈಗಿನ ಸ್ಥಿತಿಯ ಮೇಲಷ್ಟೇ ನಿಂತಿರುವ ಮಾದರಿ. ಸರಾಸರಿ ಎಷ್ಟು ಲಾರಿ ಕಾಯುತ್ತವೆ ಅಂತ ಲೆಕ್ಕ ಹಾಕಬಹುದು. ಆದರೆ ಲಾರಿ ಜಾಸ್ತಿಯಾದಂತೆ ಸ್ಥಿತಿಗಳ ಸಂಖ್ಯೆ ವಿಪರೀತ ಬೆಳೆಯುತ್ತದೆ.

ಅದಕ್ಕೇ ನನಗೆ ರಚನೆಯ ವಿಶ್ಲೇಷಣೆ ಇಷ್ಟ. ಇಲ್ಲಿ ರೇಟ್ ಬೇಡ, ಬಾಣಗಳ ಮ್ಯಾಟ್ರಿಕ್ಸ್, ಅಂದರೆ ಯಾವ ಕೆಲಸ ಯಾವ ಪ್ಲೇಸ್‌ನಿಂದ ಎಷ್ಟು ಟೋಕನ್ ತೆಗೆದು ಎಲ್ಲಿಗೆ ಎಷ್ಟು ಹಾಕುತ್ತದೆ ಅನ್ನುವ ಕೋಷ್ಟಕ ಸಾಕು. 'ವೇಬ್ರಿಡ್ಜ್ ಖಾಲಿ', 'ಮೇಲೆ ತುಂಬಿದ ಲಾರಿ', 'ಮೇಲೆ ಖಾಲಿ ಲಾರಿ', ಈ ಮೂರರ ಟೋಕನ್ ಕೂಡಿದರೆ ಯಾವಾಗಲೂ 1. ಹೀಗೆ ಎಂದೂ ಬದಲಾಗದ ಮೊತ್ತವೇ ಪಿ-ಇನ್ವೇರಿಯಂಟ್. ಯಾವ ಕೆಲಸ ಎಷ್ಟು ಸಲ ನಡೆದರೆ ಮೊದಲಿನ ಸ್ಥಿತಿ ಮರಳುತ್ತದೆ ಅನ್ನೋದು ಟಿ-ಇನ್ವೇರಿಯಂಟ್.

ಮುಖ್ಯವಾದದ್ದು ಸೈಫನ್. ಒಮ್ಮೆ ಟೋಕನ್ ಖಾಲಿಯಾದರೆ ಮತ್ತೆಂದೂ ತುಂಬದ ಪ್ಲೇಸ್‌ಗಳ ಗುಂಪು ಅದು. ನಮ್ಮ ಮಿಲ್ಲಿನಲ್ಲಿ 'ವೇಬ್ರಿಡ್ಜ್ ಖಾಲಿ', 'ಇಳಿಸುವ ಜಾಗ ಖಾಲಿ', 'ಮೇಲೆ ಖಾಲಿ ಲಾರಿ', ಈ ಮೂರು ಸೇರಿದರೆ ಒಂದು ಸೈಫನ್. ಒಂದು ಲಾರಿ ಒಳಗೆ ಚೀಲ ಇಳಿಸುತ್ತಿದೆ, ಅಷ್ಟರಲ್ಲಿ ಇನ್ನೊಂದು ತುಂಬಿದ ಲಾರಿ ವೇಬ್ರಿಡ್ಜ್ ಹತ್ತಿತು ಅಂದುಕೊಳ್ಳಿ. ಮೂರೂ ಬರಿದು. ಒಳಗಿನದಕ್ಕೆ ವೇಬ್ರಿಡ್ಜ್ ಬೇಕು, ಮೇಲಿರುವುದಕ್ಕೆ ಒಳಗಿನ ಜಾಗ ಬೇಕು. ಎರಡೂ ಅಲುಗಾಡಲ್ಲ. ಎರಡೇ ಲಾರಿ ಇದ್ದರೂ, ಹಮಾಲರು ಎಷ್ಟೇ ಬೇಗ ಚೀಲ ಇಳಿಸಿದರೂ, ಈ ಮಾದರಿ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುವುದು ಖಂಡಿತ!

ಸರಿ ಮಾಡೋಕೆ ಒಂದು ಬಾಣದ ಜಾಗ ಬದಲಿಸಿದರೆ ಸಾಕು: ಇಳಿಸುವ ಜಾಗದ ಟೋಕನ್ನನ್ನು ತೂಕ ಆದ ಮೇಲಲ್ಲ, ವೇಬ್ರಿಡ್ಜ್ ಹತ್ತುವಾಗಲೇ ತೆಗೆದುಕೊಳ್ಳಬೇಕು. ಆಗ ಚೀಲ ಇಳಿಯುವ ತನಕ ವೇಬ್ರಿಡ್ಜ್ ಸುಮ್ನೆ ಇರುತ್ತದೆ. ಅದರಿಂದ ಗೇಟಿನ ಸಾಲು ಎಷ್ಟು ಉದ್ದ ಆಗುತ್ತದೆ ಅನ್ನೋದಕ್ಕೆ ಮಾತ್ರ ರೇಟ್‌ಗಳ ಲೆಕ್ಕ ಬೇಕೇ ಬೇಕು.