ವಿಕಿರಣ ಹೊತ್ತ ಪ್ರತಿಕಾಯವನ್ನು ಮಿದುಳಿಗೇ ಏಕೆ ಬಿಡಬೇಕು?

ಪ್ರಶ್ನೆ: ಕ್ಯಾನ್ಸರ್ ಕೋಶವನ್ನು ಹುಡುಕಿ ಅಂಟಿಕೊಳ್ಳುವ ವಿಕಿರಣಶೀಲ ಪ್ರತಿಕಾಯಗಳಿವೆ ಎಂದು ಓದಿದ್ದೇವೆ. ಮಿದುಳಿನ ಗಡ್ಡೆಗೆ ಅವನ್ನು ಡ್ರಿಪ್ ಮೂಲಕ ಕೊಟ್ಟರೆ ಸಾಲದೇ?

ಉತ್ತರ: ಸಾಲದು. ಪ್ರತಿಕಾಯಕ್ಕೆ ತನ್ನ ಗುರಿಯನ್ನು ಗುರುತಿಸುವ ಶಕ್ತಿಯಿದ್ದರೂ ಅದರ ಬಳಿಗೆ ಹೋಗಲು ದಾರಿಯಿಲ್ಲ. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಇಷ್ಟು ದೊಡ್ಡ ಪ್ರೋಟೀನು ರಕ್ತದಿಂದ ಮಿದುಳಿಗೆ ಇಳಿಯುವುದು ಅತ್ಯಲ್ಪ. ಗಡ್ಡೆಯ ನಡುಭಾಗದಲ್ಲಿ ಈ ತಡೆ ಸಡಿಲವಾಗಿರುತ್ತದೆ, ನಿಜ. ಆದರೆ ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುವಂತೆ ಮಾಡುವ ಕೋಶಗಳು ಅಂಚಿನಾಚೆ, ಆರೋಗ್ಯವಂತ ಅಂಗಾಂಶದ ನಡುವೆ ಅಡಗಿರುತ್ತವೆ ಮತ್ತು ಅಲ್ಲಿ ತಡೆ ಬಹುಮಟ್ಟಿಗೆ ಭದ್ರವಾಗಿಯೇ ಇರುತ್ತದೆ. ಡ್ರಿಪ್‌ನಲ್ಲಿ ಕೊಟ್ಟ ವಿಕಿರಣದ ಬಹುಪಾಲು ಮೂಳೆಮಜ್ಜೆಯಂಥ ಬೇರೆ ಅಂಗಗಳಿಗೆ ತಾಗುತ್ತದೆ.

ಈ ಕಾರಣದಿಂದಲೇ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡ್ಯಾರೆಲ್ ಬಿಗ್ನರ್, ಮೈಕೆಲ್ ಜಲುಟ್ಸ್ಕಿ ಮತ್ತು ಸಂಗಡಿಗರು ಗಡ್ಡೆ ತೆಗೆದ ಜಾಗಕ್ಕೇ ಔಷಧ ಬಿಡುವ ವಿಧಾನವನ್ನು ಬೆಳೆಸಿದರು. ಗ್ಲಿಯೊಬ್ಲಾಸ್ಟೊಮಾ ಎಂಬ ಉಗ್ರ ಬಗೆಯ ಮಿದುಳಿನ ಗಡ್ಡೆಯ ಸುತ್ತ ಹೇರಳವಾಗಿರುವ, ಆರೋಗ್ಯವಂತ ಮಿದುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಟೆನಾಸಿನ್ ಎಂಬ ಪ್ರೋಟೀನನ್ನು ಹಿಡಿಯುವ 81ಸಿ6 ಪ್ರತಿಕಾಯಕ್ಕೆ ಅವರು ವಿಕಿರಣಶೀಲವಾದ ಅಯೋಡಿನ್-131 ಜೋಡಿಸಿದರು. ಶಸ್ತ್ರಚಿಕಿತ್ಸೆಯಲ್ಲೇ ಆ ಪೊಳ್ಳಿನೊಳಗೆ ತೆಳುವಾದ ನಳಿಕೆಯನ್ನಿಟ್ಟು, ಅದರ ಮೇಲ್ತುದಿಯಲ್ಲಿರುವ, ಔಷಧ ತುಂಬುವ ಪುಟ್ಟ ಬುಡ್ಡಿಯನ್ನು ನೆತ್ತಿಯ ಚರ್ಮದಡಿ ಹೂಳುತ್ತಿದ್ದರು; ಮುಂದೆ ಸಣ್ಣ ಸೂಜಿಯಿಂದ ಅದರೊಳಗೆ ಔಷಧವನ್ನು ಸೇರಿಸುತ್ತಿದ್ದರು. ಪೊಳ್ಳಿನಿಂದ ಮಿದುಳುಬಳ್ಳಿಯ ದ್ರವಕ್ಕೆ ಸೋರಿಕೆಯಿದೆಯೇ ಎಂದು ಮೊದಲೇ ಪರೀಕ್ಷಿಸುತ್ತಿದ್ದರು. ಬಿಡಿಯಾದ ಅಯೋಡಿನ್ನನ್ನು ಥೈರಾಯ್ಡ್ ಹೀರಿಕೊಳ್ಳದಂತೆ ರೋಗಿಗೆ ಮುಂಚಿತವಾಗಿ ಪೊಟ್ಯಾಸಿಯಂ ಅಯೋಡೈಡ್ ಕೊಡುತ್ತಿದ್ದರು. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 8 ದಿನ. ಅದು ಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಒಂದೆರಡು ಮಿಲಿಮೀಟರಿನೊಳಗೆ ನಿಂತುಬಿಡುತ್ತವೆ.

2002ರಲ್ಲಿ ಪ್ರಕಟವಾದ ಎರಡನೇ ಹಂತದ ಪ್ರಯೋಗದಲ್ಲಿ, ಹೊಸದಾಗಿ ರೋಗ ಪತ್ತೆಯಾದ 33 ಮಂದಿಗೆ ಈ ಚಿಕಿತ್ಸೆ ದೊರೆಯಿತು. ಅವರಲ್ಲಿ ಗ್ಲಿಯೊಬ್ಲಾಸ್ಟೊಮಾ ಇದ್ದವರ ಮಧ್ಯಾಂಕ ಆಯುಸ್ಸು (ಅರ್ಧದಷ್ಟು ಮಂದಿ ಇದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 79 ವಾರಗಳಷ್ಟಿತ್ತು. 2005ರಲ್ಲಿ ಪ್ರಕಟವಾದ, ಬೇರೆಯವರು ನಡೆಸಿದ ದೊಡ್ಡ ಪ್ರಯೋಗದಲ್ಲಿ ಹೊರಗಿನ ವಿಕಿರಣ ಮತ್ತು ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧ ಎರಡನ್ನೂ ಪಡೆದವರ ಮಧ್ಯಾಂಕ 14.6 ತಿಂಗಳು, ಅಂದರೆ ಸುಮಾರು 63 ವಾರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಆಸೆ ಬೆಳೆಸಿಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ. ಡ್ಯೂಕ್‌ನ ಪ್ರಯೋಗದಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ; ಗಡ್ಡೆಯನ್ನು ಚೆನ್ನಾಗಿ ತೆಗೆಯಲು ಸಾಧ್ಯವಾದವರಿಗಷ್ಟೇ ಅದರಲ್ಲಿ ಅವಕಾಶವಿತ್ತು, ಅಂಥವರು ಹೇಗೂ ತುಸು ಹೆಚ್ಚು ಕಾಲ ಬದುಕುತ್ತಾರೆ. ಐವರಲ್ಲಿ ಚಿಕಿತ್ಸೆಯಿಂದಲೇ ನರಸಂಬಂಧಿ ಹಾನಿಯೂ ಆಯಿತು. ಸಂದೇಹ ಪರಿಹರಿಸಬೇಕಿದ್ದ ಮೂರನೇ ಹಂತದ ಪ್ರಯೋಗ 2008ರಲ್ಲಿ ಆರಂಭವಾಗಿ ಪೂರ್ಣಗೊಳ್ಳದೆ ನಿಂತಿತು. ಇಷ್ಟು ಬೆಲೆಯುಳ್ಳ ಪ್ರಶ್ನೆಗೆ ಉತ್ತರ ಸಿಗದೆ ಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅದೇ ತಂಡ ಮುಂದೆ ಆಲ್ಫಾ ಕಣ ಸೂಸುವ ಆಸ್ಟಟೈನ್-211 ಬಳಸಿ ನೋಡಿತು. ಆ ಕಣಗಳು ಕೆಲವೇ ಕೋಶಗಳಷ್ಟು ದೂರ ಸಾಗುವುದರಿಂದ ಪಕ್ಕದ ಮಿದುಳಿಗೆ ತಟ್ಟುವ ಹಾನಿ ಕಡಿಮೆ. ಆದರೆ ಅರ್ಧಾಯುಷ್ಯ 7 ಗಂಟೆಯಷ್ಟೇ ಆದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರವಿಲ್ಲದ ಆಸ್ಪತ್ರೆಗೆ ಅದು ಎಟುಕುವುದು ಕಷ್ಟ.

ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ನಮ್ಮಲ್ಲೂ ಬಹುಕಾಲದಿಂದ ಬಳಕೆಯಲ್ಲಿದೆಯಾದರೂ, ಮಿದುಳಿನ ಗಡ್ಡೆಗೆ ಅದನ್ನು ಹೊತ್ತ ಪ್ರತಿಕಾಯ ವಾಡಿಕೆಯ ಚಿಕಿತ್ಸೆಯಲ್ಲ. ಯಾರಾದರೂ ಕೊಡುತ್ತೇವೆಂದು ಮುಂದೆ ಬಂದರೆ, ಅದು ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲಾತಿಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳಿ. ಅದಕ್ಕಾಗಿ ಕಾಯುತ್ತಾ ಶಸ್ತ್ರಚಿಕಿತ್ಸೆ, ವಿಕಿರಣ ಮತ್ತು ಟೆಮೊಜೊಲೊಮೈಡನ್ನು ಮುಂದೂಡಬೇಡಿ.