ಕರಗಿಸಬೇಕಾದವರು, ಕಳಿಸಬೇಕಾದವರು

1931ರ ಡಿಸೆಂಬರ್‌ನಲ್ಲಿ ಪೋಲೆಂಡ್ ನಡೆಸಿದ ಜನಗಣತಿಯಲ್ಲಿ ರಾಷ್ಟ್ರೀಯತೆಯ ಪ್ರಶ್ನೆಯೇ ಇರಲಿಲ್ಲ. ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಅದು ಇತ್ತು. ಈ ಸಲ ಕೇಳಿದ್ದು ಮಾತೃಭಾಷೆ ಮತ್ತು ಧರ್ಮ ಮಾತ್ರ. ಪೂರ್ವದ ಜೌಗುನೆಲವಾದ ಪೋಲೆಸ್ಯೆ ಪ್ರಾಂತ್ಯದ ಸುಮಾರು 11 ಲಕ್ಷ ಜನರಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿಯ ಭಾಷೆ ‘ಇಲ್ಲಿಯದು’ ಎಂದು ದಾಖಲಾಯಿತು. ಬೆಲರೂಸಿಗೂ ಉಕ್ರೇನಿಗೂ ನಡುವಣ ನುಡಿಯನ್ನಾಡುತ್ತಿದ್ದ ಅಲ್ಲಿನ ರೈತರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿದ್ದುದು ನಿಜವೇ. ಆದರೆ ಆ ಉತ್ತರಕ್ಕೊಂದು ಪ್ರತ್ಯೇಕ ಖಾನೆ ಸಿಕ್ಕಿದ್ದರಿಂದ ಬೆಲರೂಸಿಗಳನ್ನು ಕಡಿಮೆ ತೋರಿಸುವ ಸರ್ಕಾರದ ಕೆಲಸ ಹಗುರವಾಯಿತು. ಇಡೀ ದೇಶದಲ್ಲಿ ಬೆಲರೂಸಿ ಭಾಷಿಕರ ಸಂಖ್ಯೆ 10 ಲಕ್ಷದೊಳಗೇ ನಿಂತಿತು. ಯಹೂದಿಗಳ ವಿಷಯದಲ್ಲಿ ಇಂಥ ಮಸುಕು ಇರಲಿಲ್ಲ. ಮನೆಯಲ್ಲಿ ಪೋಲಿಷ್ ಆಡುವವರನ್ನೂ ಸೇರಿಸಿಕೊಂಡು ಧರ್ಮದ ಖಾನೆ ಅವರನ್ನು 31 ಲಕ್ಷ ಎಂದು ತೋರಿಸಿತು. ಅಂದರೆ ಜನಸಂಖ್ಯೆಯ ಸುಮಾರು ಹತ್ತನೇ ಒಂದು ಪಾಲು.

ರೋಮನ್ ದ್ಮೋವ್‌ಸ್ಕಿಯ ರಾಷ್ಟ್ರವಾದಿಗಳ ಲೆಕ್ಕಾಚಾರವೂ ಹೀಗೆಯೇ ಎರಡು ಬಗೆಯದು. ಬೆಲರೂಸಿ ರೈತ ಸ್ಲಾವ್ ಜನಾಂಗದವನು, ಶಾಲೆಯಲ್ಲಿ ಪೋಲಿಷ್ ಕಲಿಸಿದರೆ ಮುಂದಿನ ತಲೆಮಾರು ಪೋಲಿಷ್ ಆದೀತು. ಯಹೂದಿ ಮಾತ್ರ ಎಂದೂ ಬೆರೆಯಲಾರ. ಹೊಸ ಪೋಲೆಂಡನ್ನು ಕಟ್ಟಿದ ಸೇನಾನಾಯಕ ಯೂಜೆಫ್ ಪಿಲ್ಸುದ್‌ಸ್ಕಿಗೆ ಹಲವು ಜನಾಂಗಗಳ ಒಕ್ಕೂಟದ ಕನಸಿತ್ತು. 1921ರ ರೀಗಾ ಒಪ್ಪಂದ ಬೆಲರೂಸಿಗಳ ನಾಡನ್ನು ಪೋಲೆಂಡ್ ಮತ್ತು ಸೋವಿಯತ್ತರ ನಡುವೆ ಹಂಚಿದ ಮೇಲೆ ಅದು ಕನಸಾಗಿಯೇ ಉಳಿಯಿತು.

ಯಹೂದಿ ದ್ವೇಷದ ಈ ವಿಷ ಎಷ್ಟು ಬೇಗ ಏರಿತೆಂದರೆ, 1922ರ ಡಿಸೆಂಬರ್ 9ರಂದು ಗಾಬ್ರಿಯೆಲ್ ನರುತೋವಿಚ್ ದೇಶದ ಮೊದಲ ಅಧ್ಯಕ್ಷರಾಗಿ ಆಯ್ಕೆಯಾದರು. ಒಂದೇ ವಾರಕ್ಕೆ ವಾರ್ಸಾದ ಚಿತ್ರಶಾಲೆಯೊಂದರಲ್ಲಿ ಒಬ್ಬ ಚಿತ್ರಕಾರನ ಗುಂಡಿಗೆ ಬಲಿಯಾದರು. ಅವರೇನೂ ಯಹೂದಿಯಲ್ಲ. ಸಂಸತ್ತಿನ ಅಲ್ಪಸಂಖ್ಯಾತ ಸದಸ್ಯರ ಮತಗಳೂ ಸೇರಿ ಗೆದ್ದದ್ದೇ ಬಲಪಂಥೀಯರ ಕಣ್ಣಲ್ಲಿ ಅಪರಾಧವಾಗಿತ್ತು.

ಕರಗಿಸುವ ನೀತಿ ಎಷ್ಟು ಮೃದುವಾಗಿತ್ತು ಎಂಬುದಕ್ಕೆ ಬ್ರನಿಸ್ಲಾವ್ ತರಶ್ಕೆವಿಚ್ ಅವರ ಬದುಕನ್ನು ನೋಡಬಹುದು. 1918ರಲ್ಲಿ ಶಾಲೆಗಳಿಗೆಂದು ಬೆಲರೂಸಿ ವ್ಯಾಕರಣ ಬರೆದವರು ಇವರು. 1925ರಲ್ಲಿ ಹುಟ್ಟಿದ ‘ಹ್ರಮಾದ’ ಎಂಬ ರೈತ-ಕಾರ್ಮಿಕ ಸಂಘಟನೆಯ ನಾಯಕರೂ ಇವರೇ. ಭೂಮಿ ಹಂಚಿ, ನಮ್ಮ ಭಾಷೆಯ ಶಾಲೆ ಕೊಡಿ ಎಂಬ ಬೇಡಿಕೆಗೆ ಸ್ವಲ್ಪವೇ ಕಾಲದಲ್ಲಿ ಲಕ್ಷ ಜನ ಸದಸ್ಯರಾದರು. ಕಮ್ಯುನಿಸ್ಟರ ನಂಟು ಇದ್ದದ್ದೂ ಹೌದು. 1927ರಲ್ಲಿ ಹ್ರಮಾದಕ್ಕೆ ನಿಷೇಧ ಬಿತ್ತು, ವ್ಯಾಕರಣಕಾರ ಜೈಲು ಸೇರಿದರು. 1933ರಲ್ಲಿ ಕೈದಿಗಳ ವಿನಿಮಯದಲ್ಲಿ ಸೋವಿಯತ್ ನೆಲಕ್ಕೆ ಹೋದ ಅವರನ್ನು 1938ರಲ್ಲಿ ಸ್ಟಾಲಿನ್ ಆಡಳಿತ ಗುಂಡಿಟ್ಟು ಕೊಂದಿತು. ಬೆಲರೂಸಿ ಶಾಲೆಗಳು ಒಂದೊಂದಾಗಿ ಮುಚ್ಚಿದವು.

ಯಹೂದಿಗಳಿಗೆ ಸಿಕ್ಕಿದ್ದು ಬೇರೆ ಮದ್ದು. ಹಳ್ಳಿಗಳಲ್ಲಿ ಜಮೀನಿಲ್ಲದ ಪೋಲಿಷ್ ಯುವಕರು ತುಂಬಿದ್ದರು. ಪಟ್ಟಣದ ಯಹೂದಿ ಅಂಗಡಿಗಳು ಖಾಲಿಯಾದರೆ ಇವರಿಗೆ ಜಾಗವಾದೀತು ಎಂಬ ವಾದ ಪಿಲ್ಸುದ್‌ಸ್ಕಿ ತೀರಿಕೊಂಡ ಮೇಲೆ ಸರ್ಕಾರದ ಬಾಯಲ್ಲೂ ಬಂತು. 1936ರಲ್ಲಿ ಪ್ರಧಾನಿ ಸ್ಕ್ವಾದ್‌ಕೋವ್‌ಸ್ಕಿ, ಹಿಂಸೆ ಕೂಡದು, ಆರ್ಥಿಕ ಹೋರಾಟಕ್ಕೆ ಅಡ್ಡಿಯಿಲ್ಲ ಎಂದರು. ಅಂಗಡಿ ಬಹಿಷ್ಕಾರಕ್ಕೆ ಇದಕ್ಕಿಂತ ದೊಡ್ಡ ಪರವಾನಗಿ ಬೇಕಿರಲಿಲ್ಲ. 1937ರ ಹೊತ್ತಿಗೆ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಬೆಂಚು ಬಂದವು. ಹಲವರು ಅಲ್ಲಿ ಕೂರಲು ಒಪ್ಪದೆ ನಿಂತೇ ಪಾಠ ಕೇಳಿದರು; ಅವರ ಜೊತೆ ನಿಂತ ಪ್ರಾಧ್ಯಾಪಕರೂ ಇದ್ದರು.

ಅದೇ ವರ್ಷ ಸರ್ಕಾರ ಯಹೂದಿಗಳನ್ನು ನೆಲೆಗೊಳಿಸಲಾದೀತೇ ಎಂದು ನೋಡಿಬರಲು ಮೂವರ ತಂಡವನ್ನು ಮಡಗಾಸ್ಕರ್‌ಗೆ ಕಳಿಸಿತು. ಎಷ್ಟು ಜನ ಅಲ್ಲಿ ಬಾಳಬಹುದೆಂಬ ಬಗ್ಗೆ ತಂಡದವರಲ್ಲೇ ಒಮ್ಮತ ಮೂಡಲಿಲ್ಲ, ಯೋಜನೆ ಕಡತ ಬಿಟ್ಟು ಕದಲಲಿಲ್ಲ.