ಸ್ಥಿರಸ್ಥಿತಿ ಸಾಂದ್ರತೆ: ಪಂಪಿನಿಂದ ಹರಿಯುವ ಆ್ಯಂಟಿಬಯೋಟಿಕ್ ರಕ್ತದಲ್ಲಿ ಎಷ್ಟಿರುತ್ತದೆ?

ತೀವ್ರ ನಿಗಾ ಘಟಕದ ರೋಗಿಗೆ ಆ್ಯಂಟಿಬಯೋಟಿಕ್‌ಗಳನ್ನು ಆರು, ಎಂಟು ಅಥವಾ ಹನ್ನೆರಡು ಗಂಟೆಗೊಮ್ಮೆ ಕೊಡುವುದು ಹಳೆಯ ರೂಢಿ. ಕೆಲವು ಔಷಧಗಳನ್ನು ಈಗ ಸಿರಿಂಜ್ ಪಂಪಿನ ಮೂಲಕ ದಿನವಿಡೀ ಒಂದೇ ವೇಗದಲ್ಲಿ ರಕ್ತನಾಳಕ್ಕೆ ಹರಿಸುವುದೂ ಉಂಟು. ಹೀಗೆ ಹರಿಸಿದಾಗ ರಕ್ತದಲ್ಲಿ ಔಷಧದ ಪ್ರಮಾಣ ಮೊದಲು ಏರುತ್ತದೆ, ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟವೇ ಸ್ಥಿರಸ್ಥಿತಿ ಸಾಂದ್ರತೆ.

ತಳದಲ್ಲಿ ತೂತಿರುವ ತೊಟ್ಟಿಗೆ ನಲ್ಲಿ ಬಿಟ್ಟರೆ ನೀರು ಏರಿದಷ್ಟೂ ಸೋರಿಕೆ ಹೆಚ್ಚುತ್ತದೆ. ಬರುವುದೂ ಹೋಗುವುದೂ ಸಮವಾದಲ್ಲಿ ಮಟ್ಟ ನಿಲ್ಲುತ್ತದೆ. ವ್ಯಾಂಕೊಮೈಸಿನ್, ಮೆರೊಪೆನೆಮ್, ಪೈಪೆರಾಸಿಲಿನ್ ಎಂಬ ಆ್ಯಂಟಿಬಯೋಟಿಕ್‌ಗಳ ಮಟ್ಟಿಗೆ ಆ ತೂತು ಮುಖ್ಯವಾಗಿ ಮೂತ್ರಪಿಂಡ. ಗಂಟೆಗೆ ಎಷ್ಟು ಲೀಟರ್ ರಕ್ತದ್ರವ ಔಷಧದಿಂದ ಮುಕ್ತವಾಗುತ್ತದೆ ಎಂಬ ಅಳತೆಗೆ ಕ್ಲಿಯರೆನ್ಸ್ ಎನ್ನುತ್ತಾರೆ. ಪಂಪಿನ ವೇಗವನ್ನು ಕ್ಲಿಯರೆನ್ಸ್‌ನಿಂದ ಭಾಗಿಸಿದರೆ ಸ್ಥಿರಸ್ಥಿತಿ ಸಾಂದ್ರತೆ ಸಿಗುತ್ತದೆ. ಸೂತ್ರ ಇಷ್ಟೇ.

ವ್ಯಾಂಕೊಮೈಸಿನ್ ಉದಾಹರಣೆ ನೋಡೋಣ. ರೋಗಿಯ ಕ್ಲಿಯರೆನ್ಸ್ ಗಂಟೆಗೆ 4 ಲೀಟರ್, ಬೇಕಾದ ಮಟ್ಟ ಲೀಟರಿಗೆ 20 ಮಿಲಿಗ್ರಾಂ ಎಂದುಕೊಳ್ಳಿ. ಆಗ ಪಂಪು ಗಂಟೆಗೆ 80 ಮಿಲಿಗ್ರಾಂ, ಅಂದರೆ ದಿನಕ್ಕೆ 1,920 ಮಿಲಿಗ್ರಾಂ ಕೊಡಬೇಕು. ಅದೇ ವೇಗದಲ್ಲಿರುವಾಗ ಮೂತ್ರಪಿಂಡ ಸೊರಗಿ ಕ್ಲಿಯರೆನ್ಸ್ 2 ಲೀಟರಿಗೆ ಇಳಿದರೆ ಮಟ್ಟ 40ರ ಕಡೆಗೆ ಏರುತ್ತದೆ. ವ್ಯಾಂಕೊಮೈಸಿನ್ ಹೆಚ್ಚಾದರೆ ಮೂತ್ರಪಿಂಡಕ್ಕೇ ಪೆಟ್ಟು, ಆ ಪೆಟ್ಟಿನಿಂದ ಮಟ್ಟ ಇನ್ನಷ್ಟು ಏರಿಕೆ. ಕ್ಲಿಯರೆನ್ಸ್ 6ಕ್ಕೆ ಏರಿದರೆ ಮಟ್ಟ ಸುಮಾರು 13ಕ್ಕೆ ಕುಸಿದು ಸೋಂಕಿಗೆ ದಾರಿ ತೆರೆಯುತ್ತದೆ.

ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಸಮಯವೇ ಅರ್ಧಾಯು. ಮಟ್ಟ ಸ್ಥಿರವಾಗಲು ಇಂಥ ನಾಲ್ಕೈದು ಅರ್ಧಾಯುಗಳಷ್ಟು ಕಾಲ ಬೇಕು. ಮೂತ್ರಪಿಂಡ ಚೆನ್ನಾಗಿದ್ದರೆ ಮೆರೊಪೆನೆಮ್‌ನ ಅರ್ಧಾಯು ಸುಮಾರು ಒಂದು ಗಂಟೆ, ವ್ಯಾಂಕೊಮೈಸಿನ್‌ನದು ಸುಮಾರು ಆರು ಗಂಟೆ. ನಂಜೇರಿದ ರೋಗಿ ಒಂದು ದಿನ ಕಾಯಲಾರ. ಅದಕ್ಕಾಗಿ ಆರಂಭದಲ್ಲೇ ದೊಡ್ಡ ಲೋಡಿಂಗ್ ಡೋಸ್ ಕೊಡಬೇಕು. ಅದನ್ನು ಬಿಟ್ಟು ಬರೀ ಪಂಪು ಹಚ್ಚುವುದು ನನ್ನ ದೃಷ್ಟಿಯಲ್ಲಿ ಗಂಭೀರ ಲೋಪ.

ನಿಜವಾದ ಕಷ್ಟ ಕ್ಲಿಯರೆನ್ಸ್ ತಿಳಿಯುವುದರಲ್ಲಿದೆ. ವಯಸ್ಸು, ತೂಕ, ಲಿಂಗ ಮತ್ತು ರಕ್ತದ ಕ್ರಿಯಾಟಿನಿನ್ ಬಳಸಿ ಮೂತ್ರಪಿಂಡದ ಶಕ್ತಿಯನ್ನು ಅಂದಾಜಿಸುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ 1976ರದ್ದು. ಕ್ರಿಯಾಟಿನಿನ್ ಎಂದರೆ ಮೂತ್ರಪಿಂಡ ಹೊರಹಾಕುವ ಒಂದು ತ್ಯಾಜ್ಯ; ಮೂತ್ರಪಿಂಡ ಸೊರಗಿದರೆ ರಕ್ತದಲ್ಲಿ ಅದು ಏರುತ್ತದೆ. ಆದರೆ ಅದು ಹುಟ್ಟುವುದು ಸ್ನಾಯುವಿನಿಂದ. ವಾರಗಟ್ಟಲೆ ಮಲಗಿ ಸ್ನಾಯು ಕರಗಿದ ವೃದ್ಧರಲ್ಲಿ ಅದು ಕಡಿಮೆ ಕಾಣುತ್ತದೆ, ಮೂತ್ರಪಿಂಡ ಗಟ್ಟಿಯಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಮೂತ್ರಪಿಂಡ ದಿಢೀರನೆ ಕೈಕೊಟ್ಟಾಗಲೂ ಕ್ರಿಯಾಟಿನಿನ್ ನಿಧಾನವಾಗಿಯೇ ಏರುತ್ತದೆ. ಇದಕ್ಕೆ ವಿರುದ್ಧವಾಗಿ ಅಪಘಾತದಲ್ಲಿ ಗಾಯಗೊಂಡ ಯುವಕರಲ್ಲಿ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 130 ಮಿಲಿಲೀಟರ್ ದಾಟುವುದುಂಟು. ಅವರ ದೇಹ ಔಷಧವನ್ನು ಬಲುಬೇಗ ಹೊರಹಾಕುತ್ತದೆ. ಮಾಮೂಲಿ ಡೋಸ್ ಅವರಿಗೆ ಸಾಲದು.

ಆದ್ದರಿಂದ ಮುನ್ನಂದಾಜನ್ನು ರಕ್ತಪರೀಕ್ಷೆಯಿಂದ ತಿದ್ದುವ ಕ್ರಮ ಬಂದಿದೆ. ಇಂಥ ವಯಸ್ಸು, ತೂಕ, ಕ್ರಿಯಾಟಿನಿನ್ ಇರುವವರಲ್ಲಿ ಕ್ಲಿಯರೆನ್ಸ್ ಸಾಮಾನ್ಯವಾಗಿ ಎಷ್ಟು, ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು ಹಿಂದಿನ ಅನೇಕ ರೋಗಿಗಳಿಂದ ತಿಳಿದಿರುತ್ತದೆ. ಈ ರೋಗಿಯ ರಕ್ತದಲ್ಲಿ ಅಳೆದ ಮಟ್ಟವನ್ನು ಅದರೊಂದಿಗೆ ತೂಗಿ ಅವರದೇ ಕ್ಲಿಯರೆನ್ಸ್ ಲೆಕ್ಕ ಹಾಕುವುದು ಬೇಸಿಯನ್ ವಿಧಾನ. ಪಂಪಿನ ಚಿಕಿತ್ಸೆಯಲ್ಲಿ ಇದು ಸಲೀಸು. ಸ್ಥಿರಸ್ಥಿತಿ ತಲುಪಿದ ಮೇಲೆ ಯಾವ ಹೊತ್ತಿನಲ್ಲಿ ರಕ್ತ ತೆಗೆದರೂ ಆಗುತ್ತದೆ. ಔಷಧ ಹರಿಯುತ್ತಿರುವ ಕೈಯಿಂದ ಮಾತ್ರ ತೆಗೆಯಬಾರದು, ಮಟ್ಟ ಸುಳ್ಳುಸುಳ್ಳಾಗಿ ಹೆಚ್ಚು ಬರುತ್ತದೆ.

ಇಷ್ಟೆಲ್ಲ ಮಾಡಿದರೆ ರೋಗಿ ಉಳಿಯುವ ಸಾಧ್ಯತೆ ಹೆಚ್ಚುತ್ತದೆಯೇ? 2024ರಲ್ಲಿ ಪ್ರಕಟವಾದ ಬ್ಲಿಂಗ್–3 ಅಧ್ಯಯನ ಏಳು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪೈಪೆರಾಸಿಲಿನ್–ಟಾಜೊಬ್ಯಾಕ್ಟಮ್ ಮತ್ತು ಮೆರೊಪೆನೆಮ್‌ಗಳನ್ನು ಎರಡೂ ಬಗೆಯಲ್ಲಿ ಕೊಟ್ಟು ನೋಡಿತು. ತೊಂಬತ್ತು ದಿನಗಳೊಳಗಿನ ಸಾವು ನಿರಂತರ ಹರಿವಿನ ಗುಂಪಿನಲ್ಲಿ ಶೇ. 24.9, ಬಿಡಿ ಡೋಸ್‌ಗಳ ಗುಂಪಿನಲ್ಲಿ ಶೇ. 26.8. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಗೆರೆ ದಾಟಲಿಲ್ಲ, ಅಂದರೆ ಅದು ಬರೀ ಆಕಸ್ಮಿಕವೂ ಆಗಿರಬಹುದು. ಆದರೆ ಇತರ ಅಧ್ಯಯನಗಳನ್ನೂ ಸೇರಿಸಿ ಅದೇ ಸಮಯಕ್ಕೆ ಮಾಡಿದ ವಿಶ್ಲೇಷಣೆ ನಿರಂತರ ಅಥವಾ ದೀರ್ಘ ಹರಿವಿನ ಪರವಾಗಿಯೇ ಇತ್ತು.

ಮೆರೊಪೆನೆಮ್‌ನಂಥ ಔಷಧಗಳ ಮಟ್ಟ ಅಳೆಯುವ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ಅಂಥ ಕಡೆ ವೈದ್ಯರಿಗೆ ಲೆಕ್ಕವೊಂದೇ ಆಸರೆ. ಮೂತ್ರದ ಪ್ರಮಾಣ ಅಥವಾ ಕ್ರಿಯಾಟಿನಿನ್ ಬದಲಾದ ದಿನ, ಡಯಾಲಿಸಿಸ್ ಶುರುವಾದ ಅಥವಾ ನಿಂತ ದಿನ ಪಂಪಿನ ವೇಗವನ್ನು ಮತ್ತೆ ಲೆಕ್ಕ ಹಾಕಲೇಬೇಕು.